ಒಸ್ತಿಯಾದ ಮಣ್ಣಿನಲ್ಲಿ ಆಫ್ರಿಕಾದ ಮಡಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಸ್ತಿಯಾ ರೋಮ್ ನಗರದ ಹಳೆಯ ಬಂದರು. ಅಲ್ಲಿ ಅಗೆದಾಗ ಸಿಕ್ಕಿದ ಆಫ್ರಿಕಾದ ಮಡಕೆ ಚೂರುಗಳ ಮಾತು ತೆಗೆದರೆ ಸಾಕು, ಕೇಳುವವರು ಕೆಲವೇ ಪ್ರಶ್ನೆಗಳಿಗೆ ಮತ್ತೆ ಮತ್ತೆ ಬರುತ್ತಾರೆ. ಪತ್ರಗಳಲ್ಲೂ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದ್ದರಿಂದ ಕಷ್ಟದ್ದರ ಕಡೆಗೆ ಜೋಡಿಸಿದ್ದೇನೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲ ಪರಿಚಯ

ಒಸ್ತಿಯಾ ಅಂದ್ರೆ ಎಲ್ಲಿದೆ? ಅಲ್ಲಿಗೆ ಆಫ್ರಿಕಾದ ಮಡಕೆ ಯಾಕೆ ಬಂತು?

ಇಟಲಿಯಲ್ಲಿ ಟೈಬರ್ ನದಿ ಸಮುದ್ರ ಸೇರುತ್ತಿದ್ದ ಜಾಗದಲ್ಲಿ ಈ ಊರು ಇತ್ತು. ರೋಮ್‌ನಿಂದ ಸುಮಾರು 25 ಕಿಲೋಮೀಟರ್. ಈಗ ನದಿ ಮಣ್ಣು ತಂದು ತಂದು ಸಮುದ್ರ ದೂರ ಸರಿದಿದೆ. ಊರಿನ ಬೀದಿ, ಅಂಗಡಿ, ಉಗ್ರಾಣ, ಬಹುಮಹಡಿ ಮನೆಗಳ ಗೋಡೆ ಮಾತ್ರ ಚೆನ್ನಾಗಿ ಉಳಿದಿವೆ. ರೋಮ್‌ನಂಥ ದೊಡ್ಡ ನಗರಕ್ಕೆ ಸುತ್ತಲಿನ ಹೊಲಗಳ ಬೆಳೆ ಸಾಲುತ್ತಿರಲಿಲ್ಲ. ಗೋಧಿ, ಎಣ್ಣೆ, ವೈನ್, ಉಪ್ಪು ಹಾಕಿದ ಮೀನು ಎಲ್ಲವೂ ಹಡಗಿನಲ್ಲಿ ಬರಬೇಕಿತ್ತು. ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 42ರಲ್ಲಿ ಒಸ್ತಿಯಾದ ಉತ್ತರಕ್ಕೆ ಪೋರ್ಟಸ್ ಎಂಬ ಹೊಸ ಬಂದರಿನ ಕೆಲಸ ಶುರು ಮಾಡಿಸಿದ. ಟ್ರಾಜನ್ ಅದಕ್ಕೆ ಆರು ಮೂಲೆಯ ಒಳಬಂದರು ಸೇರಿಸಿದ. ಎದುರು ದಡದ ಆಫ್ರಿಕಾ ಹತ್ತಿರವೇ ಇತ್ತು. ಗಾಳಿ ಅನುಕೂಲವಾಗಿದ್ದರೆ ಅಲ್ಲಿಂದ ಒಸ್ತಿಯಾಕ್ಕೆ ಎರಡೇ ದಿನದ ದಾರಿ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಗೋಧಿ ಮತ್ತು ಎಣ್ಣೆಯ ಜೊತೆಗೆ ಮಡಕೆಯೂ ಬಂತು. ಗೋಧಿ ತಿಂದು ಮುಗಿಯಿತು, ಎಣ್ಣೆ ಉರಿದು ಹೋಯಿತು. ಆ ವ್ಯಾಪಾರವನ್ನು ಅಳೆಯಲು ಈಗ ನಮ್ಮ ಕೈಯಲ್ಲಿರುವುದು ಮಡಕೆ ಮಾತ್ರ.

ಆಫ್ರಿಕಾ ಅಂದ್ರೆ ಇಡೀ ಖಂಡನಾ?

ಅಲ್ಲ. ರೋಮನ್ನರ ಲೆಕ್ಕದಲ್ಲಿ ಅದು ಒಂದು ಪ್ರಾಂತ್ಯ. ಈಗಿನ ಟುನೀಸಿಯಾ, ಅದರ ಜೊತೆಗೆ ಅಲ್ಜೀರಿಯಾದ ಪೂರ್ವ ಭಾಗ ಮತ್ತು ಲಿಬಿಯಾದ ಕರಾವಳಿ. ನಾವು ಮಾತಾಡುವ ಮಡಕೆಗಳಲ್ಲಿ ಬಹುಪಾಲು ಟುನೀಸಿಯಾದವು. ಲಿಬಿಯಾದ ಲೆಪ್ಟಿಸ್ ಮಾಗ್ನಾ ಕಡೆಯಿಂದ ಎಣ್ಣೆ ಜಾಡಿಗಳು ಬರುತ್ತಿದ್ದವು. ಅಲ್ಜೀರಿಯಾದ ಕರಾವಳಿಯಿಂದಲೂ ಒಂದಿಷ್ಟು ಜಾಡಿ ಬಂದಿವೆ. ಈಜಿಪ್ಟ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಆಡಳಿತ ಬೇರೆ, ಅದರ ಮಡಕೆಯೂ ಬೇರೆ.

ಯಾವ ಯಾವ ಥರದ ಮಡಕೆ ಸಿಕ್ಕಿವೆ?

ಮುಖ್ಯವಾಗಿ ಮೂರು ಥರ. ಮೊದಲನೆಯದು ಊಟದ ತಟ್ಟೆ, ಬಟ್ಟಲು. ಇಟ್ಟಿಗೆ ಕೆಂಪಿನಿಂದ ಕಿತ್ತಳೆ ಬಣ್ಣದವರೆಗೆ, ಮೇಲೆ ಅದೇ ಮಣ್ಣಿನ ನಯವಾದ ತೆಳು ಲೇಪ. ಇದನ್ನು ಆಫ್ರಿಕಾದ ಕೆಂಪು ಲೇಪದ ಮಡಕೆ ಎಂದು ಕರೆಯೋಣ. 1ನೇ ಶತಮಾನದ ಕೊನೆಯಿಂದ 7ನೇ ಶತಮಾನದವರೆಗೆ, ಅಂದರೆ ಸುಮಾರು 600 ವರ್ಷ, ಇದರ ತಯಾರಿ ನಡೆಯಿತು.

ಎರಡನೆಯದು ಅಡುಗೆ ಪಾತ್ರೆ. ಅಗಲ ಬಾಯಿಯ ಚಟ್ಟಿ, ಬಾಣಲೆ, ಅವಕ್ಕೆ ಹೊಂದುವ ಮುಚ್ಚಳ. ಅಂಚು ಕಪ್ಪಗೆ, ಹೊರಮೈ ಬೂದು ಬಣ್ಣ, ಕೆಲವದರ ತಳದಲ್ಲಿ ಸಾಲು ಸಾಲು ಗೆರೆ.

ಮೂರನೆಯದು ಆಂಫೊರಾ, ಅಂದರೆ ಸರಕು ಸಾಗಿಸುವ ಎರಡು ಹಿಡಿಯ ಉದ್ದನೆಯ ಜಾಡಿ. ಸಣ್ಣವು ಸುಮಾರು 40 ಲೀಟರ್ ಹಿಡಿಯುತ್ತಿದ್ದವು, ದೊಡ್ಡವು ಇನ್ನೂ ಜಾಸ್ತಿ. ಇವುಗಳ ಜೊತೆಗೆ ಮಣ್ಣಿನ ದೀಪಗಳೂ ಇವೆ. 5ನೇ ಶತಮಾನದ ಕೆಂಪು ದೀಪಗಳ ಮೇಲೆ ಕುರಿಮರಿ, ಶಿಲುಬೆ, ಬೈಬಲಿನ ದೃಶ್ಯಗಳು ಬರುತ್ತವೆ. ಅವು ಎಷ್ಟು ಮೆಚ್ಚುಗೆಯಾದವೆಂದರೆ ಇಟಲಿಯವರು ಅಚ್ಚು ತೆಗೆದು ನಕಲು ಮಾಡತೊಡಗಿದರು.

ಒಂದು ಮುರುಕು ಬೋಕಿ ನೋಡಿ ಇದು ಆಫ್ರಿಕಾದ್ದು ಅಂತ ಹೇಗೆ ಹೇಳ್ತಾರೆ?

ಮೊದಲು ಕಣ್ಣು ಮತ್ತು ಬೆರಳು. ಚೂರಿನ ಒಡೆದ ಅಂಚನ್ನು ಹೊಸದಾಗಿ ಸ್ವಲ್ಪ ಮುರಿದು ನೋಡುತ್ತಾರೆ. ಆಫ್ರಿಕಾದ ತಟ್ಟೆಯ ಒಳಮೈ ಹರಳು ಹರಳಾಗಿರುತ್ತದೆ. ಮೇಲಿನ ಲೇಪಕ್ಕೂ ಒಳಗಿನ ಮಣ್ಣಿಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅದೇ ಇಟಲಿ ಅಥವಾ ದಕ್ಷಿಣ ಗಾಲ್‌ನ (ಈಗಿನ ಫ್ರಾನ್ಸ್) ತಟ್ಟೆಯ ಲೇಪ ಹೊಳೆಯುತ್ತದೆ, ಒಳಮೈ ಬಹಳ ನಯ. ಭೂತಗನ್ನಡಿ ಹಿಡಿದರೆ ದುಂಡಗಿನ ಸ್ಫಟಿಕ ಕಣಗಳು ಕಾಣಬಹುದು. ಮರಳುಗಾಡಿನ ಗಾಳಿಯಲ್ಲಿ ಉರುಳಿ ಉರುಳಿ ಮೂಲೆ ಸವೆದ ಮರಳು ಅದು. ಆಂಫೊರಾದ ಗುರುತು ಇನ್ನೂ ಸುಲಭ. ಒಳಗೆ ಇಟ್ಟಿಗೆ ಕೆಂಪು, ಹೊರಗೆ ಸುಣ್ಣ ಸವರಿದಂಥ ಬಿಳಿ ಪದರ. ಅದು ಬಣ್ಣವಲ್ಲ. ಮಣ್ಣು ಮತ್ತು ನೀರಿನಲ್ಲಿದ್ದ ಉಪ್ಪು ಒಣಗುವಾಗ ಮೇಲಕ್ಕೆ ಬಂದು, ಸುಟ್ಟಾಗ ಹಾಗಾಗುತ್ತದೆ.

ಇಷ್ಟಕ್ಕೆ ನಿರ್ಧಾರವಾಗದಿದ್ದರೆ ಚೂರನ್ನು ಬೆಳಕು ತೂರುವಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಕ್ಸ್-ರೇ ಬಳಸಿ ಮಣ್ಣಿನಲ್ಲಿರುವ ಧಾತುಗಳನ್ನು ಅಳೆದು, ಟುನೀಸಿಯಾದ ಆವಿಗೆಗಳ ಹತ್ತಿರ ಸಿಕ್ಕಿದ ಚೂರುಗಳ ಜೊತೆ ಹೋಲಿಸುತ್ತಾರೆ. ಹೀಗಾಗಿ ಈಗ ‘ಆಫ್ರಿಕಾದ್ದು’ ಎಂದು ಹೇಳಿ ನಿಲ್ಲಿಸಬೇಕಾಗಿಲ್ಲ. ಇದು ಸಲಕ್ತಾದ ಜಾಡಿ, ಇದು ನಾಬ್ಯೂಲ್‌ನದು ಎಂದು ಊರಿನ ತನಕ ಹೋಗಬಹುದು.

ಅಲ್ಲಿ ನೆಲದ ಮೇಲೆಲ್ಲ ಚೂರು ಬಿದ್ದಿರುತ್ತಂತೆ. ಒಂದು ನೆನಪಿಗೆ ತಂದ್ರೆ ತಪ್ಪಾ?

ತಪ್ಪು. ಇಟಲಿಯ ಕಾನೂನಿನಲ್ಲಿ ನೆಲದಲ್ಲಿ ಸಿಕ್ಕುವ ಪುರಾತನ ವಸ್ತು ಸರ್ಕಾರದ್ದು, ಎತ್ತಿಕೊಂಡು ಹೋಗುವುದು ಅಪರಾಧ. ಕಾನೂನು ಪಕ್ಕಕ್ಕಿಡಿ. ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎಂಬುದು ತಪ್ಪಿಹೋದ ಮೇಲೆ ಆ ಚೂರು ಯಾರಿಗೂ ಏನನ್ನೂ ಹೇಳಲಾರದು. ದಯವಿಟ್ಟು ಅಲ್ಲೇ ಬಿಡಿ.

## ಹಡಗು, ಎಣ್ಣೆ, ವ್ಯಾಪಾರಿಗಳು

ಇಟಲಿಯಲ್ಲಿ ಕುಂಬಾರರೇ ಇರಲಿಲ್ವಾ? ಅಡುಗೆ ಚಟ್ಟಿಯನ್ನೂ ಕಡಲಾಚೆಯಿಂದ ತರಿಸಬೇಕಿತ್ತಾ?

ಇದ್ದರು, ಬೇಕಾದಷ್ಟು. ರೋಮ್ ಸುತ್ತಮುತ್ತಲೂ ಒಳ್ಳೆಯ ಅಡುಗೆ ಮಡಕೆ ತಯಾರಾಗುತ್ತಿತ್ತು. ಹಾಗಿದ್ದೂ 2ನೇ ಶತಮಾನದ ಒಸ್ತಿಯಾದ ಅಡುಗೆಮನೆಗಳಲ್ಲಿ ಟುನೀಸಿಯಾದ ಚಟ್ಟಿಗಳು ರಾಶಿ ರಾಶಿ ಇದ್ದವು. ಊಟದ ತಟ್ಟೆ ಹೊರಗಿನಿಂದ ಬರುವುದು ಅರ್ಥವಾಗುತ್ತದೆ, ನಾಲ್ಕು ಜನರ ಕಣ್ಣಿಗೆ ಬೀಳುವ ವಸ್ತು ಅದು. ಮಸಿ ಹಿಡಿಯುವ ಚಟ್ಟಿ ಯಾಕೆ? ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದೇ.

ಒಂದು ಕಾರಣ ಹಡಗಿನ ಲೆಕ್ಕಾಚಾರ. ಹಡಗು ಹೊರಡುವುದು ಗೋಧಿಗಾಗಿ, ಎಣ್ಣೆಗಾಗಿ. ಸಾಗಾಣಿಕೆಯ ಖರ್ಚಿನ ದೊಡ್ಡ ಪಾಲನ್ನು ಅವೇ ಹೊರುತ್ತವೆ. ಅವುಗಳ ಸಂದಿಗಳಲ್ಲಿ ಒಂದರೊಳಗೊಂದು ಕೂರಿಸಿದ ಚಟ್ಟಿ, ತಟ್ಟೆಗಳನ್ನು ತುಂಬಿದರೆ ಅವುಗಳ ಮೇಲೆ ಬೀಳುವ ಬಾಡಿಗೆ ಅಲ್ಪ. ಎರಡನೆಯ ಕಾರಣ ಸೌದೆ. ಆಲಿವ್ ಹಿಂಡಿದ ಮೇಲೆ ಉಳಿಯುವ ಹಿಂಡಿ ಒಳ್ಳೆಯ ಉರುವಲು. ಟುನೀಸಿಯಾದ ಆವಿಗೆಗಳ ಬಳಿ ಸುಟ್ಟ ಆಲಿವ್ ಬೀಜಗಳು ಸಿಕ್ಕಿವೆ. ಎಣ್ಣೆ ತೆಗೆಯುವ ಜಮೀನಿನಲ್ಲಿ ಉರುವಲು ಹೆಚ್ಚುಕಮ್ಮಿ ಪುಕ್ಕಟೆ. ಎಣ್ಣೆ ಜಾಸ್ತಿಯಾದಷ್ಟೂ ಮಡಕೆ ಅಗ್ಗ.

ಮೂರನೆಯದು, ಆ ಚಟ್ಟಿಗಳೇ ಚೆನ್ನಾಗಿದ್ದವು. ಗೋಡೆ ತೆಳು, ಬೆಂಕಿಯ ಕಾವನ್ನು ತಡೆಯುವ ಮಣ್ಣು, ಅಳತೆ ಎಲ್ಲದರದ್ದೂ ಒಂದೇ. ಮುಚ್ಚಳ ಒಡೆದರೆ ಬೇರೊಂದು ತಂದು ಹಾಕಿದರೂ ಸರಿಯಾಗಿ ಕೂರುತ್ತಿತ್ತು. ಅಡುಗೆ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ! ಅಗ್ಗ ಎಂಬ ಕಾರಣವನ್ನು ವಿದ್ವಾಂಸರು ಬಹಳ ಬರೆದಿದ್ದಾರೆ. ಈ ಮೂರನೆಯದಕ್ಕೂ ಅಷ್ಟೇ ಬೆಲೆ ಕೊಡಬೇಕು ಎಂದು ನನಗೆ ಅನ್ನಿಸುತ್ತದೆ. ಅಗ್ಗ ಎಂದು ಒಮ್ಮೆ ಕೊಳ್ಳಬಹುದು. ತಲೆಮಾರುಗಟ್ಟಲೆ ಕೊಳ್ಳಬೇಕಾದರೆ ಪಾತ್ರೆ ಕೈಗೆ ಒಗ್ಗಿರಲೇಬೇಕು.

ಜಾಡಿಗಳಲ್ಲಿ ಎಣ್ಣೆಯೇ ಇತ್ತು ಅಂತ ಹೇಗೆ ಗೊತ್ತು?

ಎಲ್ಲದರಲ್ಲೂ ಎಣ್ಣೆ ಇರಲಿಲ್ಲ. ಹಿಂದೆ ಆಫ್ರಿಕಾದ ಜಾಡಿ ಅಂದರೆ ಎಣ್ಣೆ ಜಾಡಿ ಎಂದು ಸುಮ್ನೆ ಬರೆದುಬಿಡುತ್ತಿದ್ದರು. ಈಗ ಜಾಡಿಯ ಒಳಮೈಯನ್ನು ನೋಡುತ್ತಾರೆ. ವೈನ್ ಮತ್ತು ಮೀನಿನ ರಸ ತುಂಬುವ ಜಾಡಿಗೆ ಒಳಗೆ ರಾಳ ಬಳಿಯುತ್ತಿದ್ದರು, ಸೋರಬಾರದು ಎಂದು. ಎಣ್ಣೆ ಜಾಡಿಗೆ ಸಾಮಾನ್ಯವಾಗಿ ಬಳಿಯುತ್ತಿರಲಿಲ್ಲ. ರಾಳ ಎಣ್ಣೆಯಲ್ಲಿ ಕರಗಿ ರುಚಿ ಕೆಡಿಸುತ್ತದೆ. ಹೀಗೆ ನೋಡಿದಾಗ ಸಣ್ಣ ಅಳತೆಯ ಆಫ್ರಿಕಾದ ಜಾಡಿಗಳು ಮತ್ತು ಲಿಬಿಯಾ ಕಡೆಯ ಜಾಡಿಗಳು ಎಣ್ಣೆಯವು ಎಂಬುದು ಗಟ್ಟಿಯಾಯಿತು. ದೊಡ್ಡ ಅಳತೆಯ ಹಲವು ಜಾಡಿಗಳ ಒಳಗೆ ರಾಳ ಸಿಕ್ಕಿತು. ಅವು ಮೀನಿನ ಸರಕು ಅಥವಾ ವೈನ್ ಹೊತ್ತವು. ಫ್ರೆಂಚ್ ಸಂಶೋಧಕ ಮಿಶೆಲ್ ಬೊನಿಫೇ ಈ ಪ್ರಶ್ನೆಯನ್ನು ಮತ್ತೆ ಎತ್ತಿ, ಹಳೆಯ ನಂಬಿಕೆಯನ್ನು ಅಲುಗಾಡಿಸಿದರು. ಜಾಡಿಗೆ ಹೀರಿಕೊಂಡ ಕೊಬ್ಬಿನ ಅಂಶವನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿಯೂ ನೋಡುತ್ತಾರೆ.

ಎಣ್ಣೆಯ ಪ್ರಮಾಣ ಸಣ್ಣದಲ್ಲ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ತನ್ನ ವಿರೋಧಿಗಳ ಪಕ್ಷ ಹಿಡಿದ ಲೆಪ್ಟಿಸ್‌ಗೆ ವರ್ಷಕ್ಕೆ 30 ಲಕ್ಷ ರೋಮನ್ ಪೌಂಡ್ ಎಣ್ಣೆ ದಂಡ ಹಾಕಿದ. ಅಷ್ಟು ಕೊಡುವ ಶಕ್ತಿ ಆ ಸೀಮೆಗೆ ಆಗಲೇ ಇತ್ತು ಎಂದಾಯಿತು.

ಇದನ್ನೆಲ್ಲ ಕಳಿಸಿದವರು ಯಾರು? ಹೆಸರು ಸಿಗುತ್ತಾ?

ಊರುಗಳ ಹೆಸರು ಚೆನ್ನಾಗಿಯೇ ಸಿಗುತ್ತವೆ. ಒಸ್ತಿಯಾದ ನಾಟಕಶಾಲೆಯ ಹಿಂದೆ ಒಂದು ದೊಡ್ಡ ಚೌಕವಿದೆ. ಅದರ ಮೂರು ಕಡೆ ಸಾಲಾಗಿ ಸಣ್ಣ ಕೋಣೆಗಳು. ಒಂದೊಂದರ ಮುಂದೆ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಮೊಸಾಯಿಕ್. ಅದರಲ್ಲಿ ಹಡಗು, ದೀಪಸ್ತಂಭ, ಡಾಲ್ಫಿನ್, ಜೊತೆಗೆ ಅಕ್ಷರಗಳು. ಆಫ್ರಿಕಾ ಪ್ರಾಂತ್ಯದ ರಾಜಧಾನಿ ಕಾರ್ಥೇಜಿನ ಹಡಗು ಮಾಲೀಕರು, ಸುಲ್ಲೆಕ್ಟುಮ್‌ನವರು, ಮಿಸುವಾದವರು, ಗುಮ್ಮಿಯವರು ಎಂದು ಬರೆದಿದೆ. ಲಿಬಿಯಾದ ಸಬ್ರಾತಾದವರ ಮೊಸಾಯಿಕ್‌ನಲ್ಲಿ ಆನೆ ಇದೆ. ಇನ್ನೊಂದರಲ್ಲಿ ಎರಡು ತಾಳೆಗಳ ನಡುವೆ ಒಂದು ಆಂಫೊರಾ, ಅದರ ಮೇಲೆ ‘ಎಂ ಸಿ’ ಎಂದು ಎರಡು ರೋಮನ್ ಅಕ್ಷರ. ಅದು ಮಾರೆಟಾನಿಯಾ ಸಿಸೇರಿಯೆನ್ಸಿಸ್ ಎಂಬ ಪ್ರಾಂತ್ಯ, ಈಗಿನ ಅಲ್ಜೀರಿಯಾದ ಕರಾವಳಿ.

ಈಗ ಮಡಕೆ ಕಡೆ ಬನ್ನಿ. ಸುಲ್ಲೆಕ್ಟುಮ್ ಅಂದರೆ ಇಂದಿನ ಸಲಕ್ತಾ. ಅಲ್ಲಿ ಆಂಫೊರಾ ಸುಟ್ಟ ಆವಿಗೆಗಳು ಸಿಕ್ಕಿವೆ. ಕೆಲವು ಜಾಡಿಗಳ ಕೊರಳಲ್ಲಿ ಮುದ್ರೆ ಒತ್ತಿರುತ್ತಾರೆ. ಅದರಲ್ಲಿ ಸುಲ್ಲೆಕ್ಟುಮ್, ಲೆಪ್ಟಿಮಿನುಸ್, ಹದ್ರುಮೇಟುಮ್ ಎಂಬ ಊರ ಹೆಸರುಗಳ ಚುಟುಕು ರೂಪ ಬರುತ್ತದೆ. ನೆಲದ ಮೊಸಾಯಿಕ್‌ನಲ್ಲೂ ಜಾಡಿಯ ಕೊರಳಲ್ಲೂ ಒಂದೇ ಊರು. ಹೀಗೆ ಎರಡು ಸಾಕ್ಷಿ ಒಂದಕ್ಕೊಂದು ಕೂಡಿಬರುವುದು ಪುರಾತತ್ವದಲ್ಲಿ ಅಪರೂಪ.

ಕೆಂಪು ತಟ್ಟೆ ಮಾಡಿದ ಕುಂಬಾರರ ಹೆಸರು ಮಾತ್ರ ಸಿಗುವುದೇ ಕಡಿಮೆ. ಇಟಲಿ, ಗಾಲ್‌ನ ಕುಂಬಾರರು ತಟ್ಟೆಯ ತಳದಲ್ಲಿ ಹೆಸರು ಒತ್ತುತ್ತಿದ್ದರು. ಆಫ್ರಿಕಾದವರಲ್ಲಿ ಆ ರೂಢಿ ಬೆಳೆಯಲಿಲ್ಲ. ಅಷ್ಟು ಒಳ್ಳೆಯ ಕೆಲಸಗಾರರು ಹೆಸರಿಲ್ಲದೆ ಉಳಿದದ್ದು ನನಗೆ ಬೇಸರದ ಸಂಗತಿ.

ಜಾಡಿ ಖಾಲಿಯಾದ ಮೇಲೆ ಏನು ಮಾಡ್ತಿದ್ರು?

ಹಲವು ಕೆಲಸಕ್ಕೆ ಬಂದವು. ಒಸ್ತಿಯಾ ಮತ್ತು ಪೋರ್ಟಸ್ ನಡುವೆ ಇಸೋಲಾ ಸಾಕ್ರಾ ಎಂಬ ಸ್ಮಶಾನವಿದೆ. ಅಲ್ಲಿ ಕಟ್ಟಡದಂಥ ಸಮಾಧಿ ಕಟ್ಟಿಸಲಾಗದವರ ಗುರುತಿಗೆ ಆಂಫೊರಾ ಹೂಳಿದ್ದಾರೆ. ಕೊರಳು ಮಾತ್ರ ನೆಲದ ಮೇಲೆ. ಸತ್ತವರಿಗೆ ಅರ್ಪಿಸುವ ವೈನ್ ಅದರ ಮೂಲಕ ಕೆಳಗೆ ಹೋಗಲಿ ಎಂದು. ಒಡೆದ ಜಾಡಿಗಳನ್ನು ಗೋಡೆಯ ಗಾರೆಗೆ, ನೆಲ ಎತ್ತರಿಸಲು, ಚರಂಡಿಗೆ ಬಳಸಿದ್ದಾರೆ. ರೋಮ್ ನಗರದೊಳಗೆ ಬಿಸಾಡಿದ ಜಾಡಿಗಳದೇ ಒಂದು ಗುಡ್ಡ ಬೆಳೆದಿದೆ. ಮೊಂತೆ ತೆಸ್ತಾಚ್ಚೊ ಅಂತ ಅದರ ಹೆಸರು, ಸುಮಾರು 35 ಮೀಟರ್ ಎತ್ತರ. ಅದರಲ್ಲಿ ಬಹುಪಾಲು ಸ್ಪೇನ್‌ನ ಎಣ್ಣೆ ಜಾಡಿಗಳು, ಉಳಿದವುಗಳಲ್ಲಿ ಹೆಚ್ಚಿನವು ಆಫ್ರಿಕಾದವು.

ಆಫ್ರಿಕಾದ ಮಡಕೆ ಇದ್ದರೆ ಆಫ್ರಿಕಾದ ಜನ ಅಲ್ಲಿದ್ದರು ಅಂತಲಾ?

ಮಡಕೆ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ಒಸ್ತಿಯಾದಲ್ಲಿ ಎಲ್ಲರೂ ಅದನ್ನು ಕೊಳ್ಳುತ್ತಿದ್ದರು. ಆಫ್ರಿಕಾದವರು ಅಲ್ಲಿದ್ದದ್ದು ನಿಜ, ಅದಕ್ಕೆ ಶಾಸನಗಳು ಮತ್ತು ಬರಹಗಳ ಸಾಕ್ಷಿ ಇದೆ. ಆಫ್ರಿಕಾದಲ್ಲಿ ಹುಟ್ಟಿದ ಕ್ರೈಸ್ತ ಸಂತ ಅಗಸ್ಟೀನ್‌ನ ತಾಯಿ ಮೋನಿಕಾ ಕ್ರಿ.ಶ. 387ರಲ್ಲಿ ಮಗನ ಜೊತೆ ಆಫ್ರಿಕಾಕ್ಕೆ ಹಡಗು ಹತ್ತಲು ಕಾಯುತ್ತಾ ಒಸ್ತಿಯಾದಲ್ಲೇ ತೀರಿಕೊಂಡಳು. ಆಕೆಯ ಸಮಾಧಿ ಶಾಸನದ ತುಂಡು 1945ರಲ್ಲಿ ಅಲ್ಲೇ ಸಿಕ್ಕಿತು.

ಮಡಕೆಯಿಂದ ಜನರನ್ನು ಗುರುತಿಸಲು ಬೇರೆ ರೀತಿಯ ಸಾಕ್ಷಿ ಬೇಕು. ಬ್ರಿಟನ್ನಿನ ಯಾರ್ಕ್‌ನಲ್ಲಿ ಆಫ್ರಿಕಾದ ಮಾದರಿಯ ಚಟ್ಟಿಗಳನ್ನು ಸ್ಥಳೀಯ ಮಣ್ಣಿನಲ್ಲಿ ಮಾಡಿದ್ದಾರೆ. ತಳ ಉಬ್ಬಿದ ಚಟ್ಟಿಗಳು, ಒಲೆಯ ಕೆಂಡದ ಮೇಲೆ ಕೂರಿಸುವಂಥವು. ಸೈನ್ಯದ ಜೊತೆ ಬಂದ ಉತ್ತರ ಆಫ್ರಿಕಾದವರ ಅಡುಗೆ ಪದ್ಧತಿ ಇದು ಎಂದು ಪುರಾತತ್ವಜ್ಞೆ ವಿವಿಯನ್ ಸ್ವಾನ್ ವಾದಿಸಿದರು. ಕೊಂಡು ತಂದ ಚಟ್ಟಿಗಿಂತ, ದೂರದ ಊರಲ್ಲಿ ತಮ್ಮ ಊರಿನಂತೆ ಮಾಡಿಕೊಂಡ ಚಟ್ಟಿ ಜನರ ಬಗ್ಗೆ ಹೆಚ್ಚು ಹೇಳುತ್ತದೆ.

## ಅಗೆತ, ಎಣಿಕೆ, ಕಾಲನಿರ್ಣಯ

ಈಜುಗಾರನ ಸ್ನಾನಗೃಹ ಅಂತ ಯಾವಾಗಲೂ ಹೇಳ್ತೀರಲ್ಲ, ಅದರಲ್ಲಿ ಅಂಥದ್ದೇನಿದೆ?

ಒಸ್ತಿಯಾದ ಈ ಸ್ನಾನಗೃಹವನ್ನು ಅಗೆದಾಗಲೇ ಆಫ್ರಿಕಾದ ವ್ಯಾಪಾರದ ಬಗ್ಗೆ ನಮಗಿದ್ದ ಕತೆ ಬದಲಾದದ್ದು. ಹೆಸರು ಬಂದದ್ದು ಈಜುವ ಮನುಷ್ಯನ ಮೊಸಾಯಿಕ್‌ನಿಂದ. ಕಟ್ಟಡ 1ನೇ ಶತಮಾನದ ಕೊನೆಯದು. 3ನೇ ಶತಮಾನದ ಮೊದಲರ್ಧದಲ್ಲಿ ಜನ ಅದನ್ನು ಕೈಬಿಟ್ಟರು, ಆಮೇಲೆ ಕೋಣೆಗಳಿಗೆ ಕಸ ತುಂಬಿತು. 1966ರಿಂದ 1975ರವರೆಗೆ ಅಂದ್ರೇಆ ಕರಂದಿನಿ, ಕ್ಲೆಮೆಂತಿನಾ ಪನೆಲ್ಲಾ ಮತ್ತು ಅವರ ಜೊತೆಯವರು ಇದನ್ನು ಅಗೆದರು.

ಅದಕ್ಕೂ ಮುಂಚಿನ ಕತೆ ತಿಳಿದರೆ ಇದರ ಬೆಲೆ ಗೊತ್ತಾಗುತ್ತದೆ. 1942ಕ್ಕೆ ರೋಮ್‌ನಲ್ಲಿ ಒಂದು ವಿಶ್ವ ಪ್ರದರ್ಶನ ಮಾಡಬೇಕೆಂದು ಮುಸೊಲಿನಿ ಸರ್ಕಾರ ಹೊರಟಿತ್ತು. ಬರುವವರಿಗೆ ತೋರಿಸಲು 1938ರಿಂದ ಒಸ್ತಿಯಾವನ್ನು ಭರದಿಂದ ಅಗೆದರು. ಗೋಡೆಗಳು, ಮೊಸಾಯಿಕ್‌ಗಳು, ಶಿಲ್ಪಗಳು ಹೊರಬಂದವು. ಅವುಗಳ ಮೇಲೆ ಕೂತಿದ್ದ ಮಣ್ಣನ್ನು, ಅದರೊಳಗಿನ ಚೂರುಗಳ ಸಮೇತ, ಸರಿಯಾದ ದಾಖಲೆಯಿಲ್ಲದೆ ಸಾಗಿಸಿಬಿಟ್ಟರು. ಊರಿನ ಕೊನೆಯ ಶತಮಾನಗಳ ಸಾಕ್ಷಿ ಬಹುಮಟ್ಟಿಗೆ ಆ ಮಣ್ಣಿನಲ್ಲೇ ಇತ್ತು. ಯುದ್ಧ ಬಂದು ಪ್ರದರ್ಶನವೇ ನಡೆಯಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಜುಗಾರನ ಸ್ನಾನಗೃಹದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮಾಡಿದರು. ಪದರ ಪದರವಾಗಿ ಅಗೆದು, ಅಂದದ ತಟ್ಟೆ ಮಾತ್ರ ಅಲ್ಲ, ಒರಟು ಚಟ್ಟಿ, ಆಂಫೊರಾದ ಹೊಟ್ಟೆಯ ಚೂರು ಎಲ್ಲವನ್ನೂ ಇಟ್ಟುಕೊಂಡರು, ಎಣಿಸಿದರು, ಪ್ರಕಟಿಸಿದರು. ಆಗ ಒಂದು ದೊಡ್ಡ ಬದಲಾವಣೆ ಕಣ್ಣೆದುರು ಬಂತು. 1ನೇ ಶತಮಾನದ ಕೊನೆಯ ಪದರಗಳಲ್ಲಿ ಊಟದ ತಟ್ಟೆ ಇಟಲಿಯದು, ಗಾಲ್‌ನದು. ಆಫ್ರಿಕಾದ ಚಟ್ಟಿಗಳು ಆಗಲೇ ಕಾಣಿಸಿಕೊಂಡಿವೆ. 2ನೇ ಶತಮಾನದ ಪದರಗಳಿಗೆ ಬರುವಷ್ಟರಲ್ಲಿ ಊಟದ ಮೇಜೂ ಆಫ್ರಿಕಾದ್ದೇ ಆಗಿದೆ. ಶತಮಾನದ ಕೊನೆಗೆ ಮತ್ತು 3ನೇ ಶತಮಾನದಲ್ಲಿ ಜಾಡಿಗಳ ಸಂಖ್ಯೆಯೂ ಏರುತ್ತದೆ. ಮೊದಲು ಅಡುಗೆಮನೆ, ಆಮೇಲೆ ಊಟದ ಮೇಜು, ಆಮೇಲೆ ಉಗ್ರಾಣ. ಲೆಪ್ಟಿಸ್ ಮಾಗ್ನಾದಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯಾದದ್ದು 193ರಲ್ಲಿ. ಆಫ್ರಿಕಾದ ಮಡಕೆ ಅಷ್ಟು ಹೊತ್ತಿಗೆ ಒಸ್ತಿಯಾದಲ್ಲಿ ಹಳೆಯ ಪರಿಚಯ.

ಆ ಅಗೆತದ ವರದಿ ‘ಒಸ್ತಿಯಾ’ ಎಂಬ ಸಂಪುಟಗಳಾಗಿ ಬಂತು, ಅವುಗಳಲ್ಲಿಯ ಸಂಖ್ಯೆಗಳೇ ಇಂದಿಗೂ ಮಡಕೆಗಳ ಹೆಸರು. ಸ್ಪೇನ್‌ನಲ್ಲಿ ಅಗೆಯುವವರೂ ಒಂದು ಬಗೆಯ ಚಟ್ಟಿಗೆ ‘ಒಸ್ತಿಯಾ 3, 267’ ಎಂದೇ ಬರೆದುಕೊಳ್ಳುತ್ತಾರೆ.

ತಟ್ಟೆಯ ಅಂಚು ನೋಡಿ ಇಸವಿ ಹೇಳ್ತಾರಲ್ಲ, ನಂಬಬಹುದಾ?

ಮಿತಿ ತಿಳಿದುಕೊಂಡು ನಂಬಬಹುದು. ಹಳೇ ಫೋಟೊದಲ್ಲಿ ಮೂಲೆಯಲ್ಲಿರುವ ಟೆಲಿಫೋನ್ ನೋಡಿ ಯಾವ ದಶಕ ಎಂದು ಊಹಿಸುತ್ತೇವಲ್ಲ, ಹಾಗೇ ಇದೂ. ತಟ್ಟೆಯ ಅಂಚು, ತಳ, ಅಚ್ಚಿನ ಚಿತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಇಟಲಿಯ ವೆಂತಿಮಿಲ್ಯಾ ಎಂಬ ರೋಮನ್ ಊರಿನಲ್ಲಿ 1930ರ ದಶಕದ ಕೊನೆಗೆ ಅಗೆದ ನೀನೊ ಲಂಬೊಲ್ಯಾ ಪದರಗಳ ಆಧಾರದ ಮೇಲೆ ಇವನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದರು. ಎ ಉತ್ತರ ಟುನೀಸಿಯಾದ ಮೊದಲ ತಲೆಮಾರು. ಸಿ ಮಧ್ಯ ಟುನೀಸಿಯಾದ್ದು, 3ನೇ ಶತಮಾನದಿಂದ, ಗೋಡೆ ಬಹಳ ತೆಳು. ಡಿ ಮತ್ತೆ ಉತ್ತರದ್ದು, 4ನೇ ಶತಮಾನದಿಂದ. ಅದರ ದೊಡ್ಡ ತಟ್ಟೆಗಳ ನಡುವೆ ತಾಳೆಗರಿ, ಶಿಲುಬೆಯ ಮುದ್ರೆ. ಬಿ ಎಂದು ಕರೆದದ್ದು ಆಫ್ರಿಕಾದ್ದೇ ಅಲ್ಲ, ಗಾಲ್‌ನದು ಎಂದು ಆಮೇಲೆ ತಿಳಿಯಿತು. 1972ರಲ್ಲಿ ಜಾನ್ ಹೇಸ್ ಎಲ್ಲ ಆಕಾರಗಳಿಗೂ ಸಂಖ್ಯೆ ಮತ್ತು ಕಾಲ ಕೊಟ್ಟರು. ಇವತ್ತಿಗೂ ‘ಹೇಸ್ 61’ ಎಂದರೆ ಕ್ಷೇತ್ರದಲ್ಲಿರುವವರಿಗೆ 4ನೇ ಶತಮಾನದಿಂದ 5ರ ನಡುವಿನವರೆಗಿನ ಒಂದು ತಟ್ಟೆ ಕಣ್ಣ ಮುಂದೆ ಬರುತ್ತದೆ.

ತೊಂದರೆ ಎರಡು. ಹಳೆಯ ಚೂರು ಹೊಸ ಪದರಕ್ಕೆ ಸೇರಿಕೊಳ್ಳುತ್ತದೆ. ಪಾಯ ತೋಡಿದಾಗ ಕೆಳಗಿನ ಮಣ್ಣು ಮೇಲೆ ಬರುತ್ತದಲ್ಲ. ಆದ್ದರಿಂದ ಒಂದು ಪದರದಲ್ಲಿ ಸಿಕ್ಕಿದ ಅತಿ ಹೊಸ ಚೂರಿಗೆ ಬೆಲೆ ಜಾಸ್ತಿ. ಎರಡನೆಯದು, ತಟ್ಟೆಯಿಂದ ಪದರಕ್ಕೆ ಕಾಲ ಕೊಟ್ಟು, ಆ ಪದರದಿಂದ ಮತ್ತೆ ತಟ್ಟೆಗೆ ಕಾಲ ಕೊಟ್ಟರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ. ಇದರಿಂದ ಬಿಡಿಸುವುದು ನಾಣ್ಯ ಮತ್ತು ಮುಳುಗಿದ ಹಡಗು. ಸಿಸಿಲಿಯ ಸಿರಾಕ್ಯೂಸ್ ಬಳಿ ಪ್ಲೆಮ್ಮಿರಿಯೊದಲ್ಲಿ ಸುಮಾರು ಕ್ರಿ.ಶ. 200ರಲ್ಲಿ ಮುಳುಗಿದ ಹಡಗಿನಲ್ಲಿ ಆಫ್ರಿಕಾದ ಸಣ್ಣ, ದೊಡ್ಡ ಎರಡೂ ಅಳತೆಯ ಜಾಡಿಗಳು ಒಟ್ಟಿಗೆ ಇದ್ದವು. ಅವು ಒಂದೇ ದಿನ ನೀರು ಸೇರಿದವು.

ಶೇಕಡಾ ಇಷ್ಟು ಆಫ್ರಿಕಾದ್ದು ಅಂತ ಬರೀತಾರೆ. ಏನನ್ನ ಎಣಿಸ್ತಾರೆ?

ಇದನ್ನು ಕೇಳದೆ ಯಾವ ಶೇಕಡಾವಾರನ್ನೂ ಒಪ್ಪಬೇಡಿ. ಚೂರುಗಳನ್ನು ಎಣಿಸಿದರೆ ದೊಡ್ಡ ಜಾಡಿ ನೂರು ಚೂರಾಗಿ ಗೆಲ್ಲುತ್ತದೆ, ಸಣ್ಣ ಬಟ್ಟಲು ಸೋಲುತ್ತದೆ. ತೂಕ ಹಾಕಿದರೆ ದಪ್ಪ ಗೋಡೆಯ ಸ್ಪೇನ್ ಜಾಡಿ ಮುಂದೆ ಬರುತ್ತದೆ. ಹಾಗಾಗಿ ಬಾಯಂಚನ್ನು ಅಳೆಯುವ ಪದ್ಧತಿ ಇದೆ. ಪ್ರತಿ ಅಂಚಿನ ಚೂರು ಪೂರ್ತಿ ವೃತ್ತದ ಎಷ್ಟು ಪಾಲು ಎಂದು ಬರೆದು ಕೂಡಿಸುತ್ತಾರೆ. ಎಲ್ಲ ಸೇರಿ ಎಷ್ಟು ಪೂರ್ತಿ ಪಾತ್ರೆ ಆಗಬಹುದೆಂದು ಅದರಿಂದ ಬರುತ್ತದೆ. ಊಟದ ಪಾತ್ರೆ, ಅಡುಗೆ ಪಾತ್ರೆ, ಜಾಡಿ ಮೂರನ್ನೂ ಬೇರೆ ಬೇರೆ ಲೆಕ್ಕ ಮಾಡಬೇಕು. ಇನ್ನೂ ಒಂದು ಮಾತು. ಚೀಲದಲ್ಲಿ, ಪೀಪಾಯಿಯಲ್ಲಿ ಬಂದ ಸರಕು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ವರ್ಷದ 8 ತಿಂಗಳು ರೋಮ್‌ಗೆ ಅನ್ನ ಹಾಕುವುದು ಆಫ್ರಿಕಾ, ಉಳಿದ 4 ತಿಂಗಳು ಈಜಿಪ್ಟ್ ಎಂದು 1ನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದ. ಆ ಗೋಧಿಗೆ ಮಡಕೆಯ ರಾಶಿಯಲ್ಲಿ ಜಾಗವೇ ಇಲ್ಲ.

ಇದು ಸರ್ಕಾರದ ಗೋಧಿ ಹಡಗಿನ ಬೆನ್ನಿಗೆ ಬಂದದ್ದಾ, ಸ್ವಂತ ವ್ಯಾಪಾರಾನಾ?

ಪಂಡಿತರು ಇನ್ನೂ ಜಗಳ ಬಿಟ್ಟಿಲ್ಲ. ರೋಮ್‌ನ ಜನರಿಗೆ ಧಾನ್ಯ ಹಂಚುವ ವ್ಯವಸ್ಥೆ ಇತ್ತು. ಅದಕ್ಕೆ ಸಾಗಿಸುವ ಹಡಗು ಮಾಲೀಕರಿಗೆ ರಿಯಾಯಿತಿಗಳಿದ್ದವು. ಚಕ್ರವರ್ತಿ ಕೊಮೋಡಸ್ ಆಫ್ರಿಕಾದಿಂದ ಧಾನ್ಯ ತರಲೆಂದೇ ಒಂದು ಹಡಗು ಪಡೆ ಕಟ್ಟಿದ. ಸೆವೆರಸ್ ಕಾಲದಿಂದ ಎಣ್ಣೆಯೂ ಹಂಚಿಕೆಗೆ ಸೇರಿತು. ಮಡಕೆ ಈ ಹಡಗುಗಳಲ್ಲಿ ಸವಾರಿ ಮಾಡಿತು ಎಂಬುದು ಒಂದು ವಾದ.

ನನ್ನ ಒಲವು ಸ್ವಲ್ಪ ಬೇರೆ ಕಡೆ. ಸರ್ಕಾರದ ಧಾನ್ಯ ಹೋಗದ ಊರುಗಳಿಗೂ ಈ ತಟ್ಟೆಗಳು ಹೋಗಿವೆ: ಸ್ಪೇನ್‌ನ ಕರಾವಳಿ, ಮಾರ್ಸೇಯ್, ಅಥೆನ್ಸ್. ಸಿ ಬಗೆಯ ತಟ್ಟೆಯ ದೊಡ್ಡ ಕೇಂದ್ರ ಸಿದಿ ಮರ್ಜೂಕ್ ತೂನ್ಸಿ ಸಮುದ್ರದಿಂದ ದೂರ, ಒಳನಾಡಿನಲ್ಲಿದೆ. ಅಲ್ಲಿಂದ ಬಂದರಿನ ತನಕ ಮೊದಲು ನೆಲದ ಮೇಲೆ ಸಾಗಬೇಕು. ಅಷ್ಟು ಖರ್ಚು ಮಾಡಿ ತಂದವರಿಗೆ ಗಿರಾಕಿ ಕಾದಿದ್ದಾನೆ ಎಂಬ ನಂಬಿಕೆ ಇದ್ದಿರಲೇಬೇಕು. ದಾರಿಯನ್ನು ಸರ್ಕಾರ ತೆರೆದಿರಬಹುದು. ಆ ದಾರಿಯಲ್ಲಿ ಓಡಾಡಿದ್ದು ವ್ಯಾಪಾರಿಗಳು.

ವ್ಯಾಂಡಲರು ಕಾರ್ಥೇಜ್ ಹಿಡಿದ ಮೇಲೆ ಎಲ್ಲ ನಿಂತು ಹೋಯ್ತಾ?

ನಿಲ್ಲಲಿಲ್ಲ. ವ್ಯಾಂಡಲರು ಯುರೋಪಿನಿಂದ ಬಂದ ಒಂದು ಜರ್ಮಾನಿಕ್ ಜನಾಂಗ. 439ರಲ್ಲಿ ಅವರ ದೊರೆ ಗೈಸೆರಿಕ್ ಕಾರ್ಥೇಜ್ ಹಿಡಿದ. ರೋಮ್‌ಗೆ ತೆರಿಗೆಯಾಗಿ ಬರುತ್ತಿದ್ದ ಧಾನ್ಯ ಕೈತಪ್ಪಿತು. ಮಡಕೆಯ ಪ್ರಮಾಣ ಹಲವು ಕಡೆ ಇಳಿಯಿತು, ಆದರೂ ಬರುತ್ತಲೇ ಇತ್ತು. 5ನೇ ಶತಮಾನದ ನಡುವೆ ಫ್ರಾನ್ಸ್ ಕರಾವಳಿಯಲ್ಲಿ ಮುಳುಗಿದ ದ್ರಾಮೊಂ ಎಂಬಲ್ಲಿಯ ಹಡಗಿನಲ್ಲಿ ಆಫ್ರಿಕಾದ ಜಾಡಿ ಮತ್ತು ತಟ್ಟೆಗಳಿದ್ದವು. ಎಲ್ಲಕ್ಕಿಂತ ದೊಡ್ಡ ಅಚ್ಚರಿ ರೋಮ್ ನಗರದೊಳಗೆ ಕ್ರಿಪ್ತಾ ಬಾಲ್ಬಿ ಎಂಬ ಜಾಗದ ಅಗೆತದಲ್ಲಿ ಸಿಕ್ಕಿತು. ಅಲ್ಲಿಯ ಕಸದ ರಾಶಿ 7ನೇ ಶತಮಾನದ ಕೊನೆಯದು. ಅದರಲ್ಲಿ ಆಫ್ರಿಕಾದ ಜಾಡಿಗಳು ಇನ್ನೂ ಇವೆ. ಅರಬರು ಕಾರ್ಥೇಜನ್ನು ಕೊನೆಯದಾಗಿ ಗೆದ್ದದ್ದು 698ರಲ್ಲಿ. ಹೆಚ್ಚುಕಮ್ಮಿ ಅಲ್ಲಿಯವರೆಗೂ ಹಡಗು ಬರುತ್ತಿದ್ದವು.

ಒಸ್ತಿಯಾ 3ನೇ ಶತಮಾನಕ್ಕೇ ಸತ್ತ ಊರು ಎಂದು ಬಹಳ ಕಾಲ ಬರೆದರು. 4 ಮತ್ತು 5ನೇ ಶತಮಾನದ ಆಫ್ರಿಕಾದ ತಟ್ಟೆಗಳು ಆ ಮಾತನ್ನು ತಿದ್ದಿವೆ. ಊರು ಬಡವಾಗಿತ್ತು, ಕೆಲವು ಬೀದಿ ಪಾಳು ಬಿದ್ದಿದ್ದವು, ಆದರೂ ಜನ ಕೊಳ್ಳುತ್ತಿದ್ದರು, ಉಣ್ಣುತ್ತಿದ್ದರು.

ಹೊಲದಲ್ಲಿ ಆಫ್ರಿಕಾದ ಚೂರು ಸಿಗದಿದ್ದರೆ ಅಲ್ಲಿ ಜನ ಇರಲಿಲ್ಲ ಅಂತಲಾ?

ಎಚ್ಚರಿಕೆಯಿಂದ ಉತ್ತರಿಸಬೇಕಾದ ಪ್ರಶ್ನೆ. ಎರಡನೇ ಮಹಾಯುದ್ಧದ ನಂತರ ರೋಮ್‌ನ ಉತ್ತರದ ಹೊಲಗಳಲ್ಲಿ ಬ್ರಿಟಿಷ್ ಸ್ಕೂಲ್ ಅಟ್ ರೋಮ್ ಎಂಬ ಸಂಶೋಧನಾ ಸಂಸ್ಥೆಯವರು ಜಾನ್ ವಾರ್ಡ್-ಪರ್ಕಿನ್ಸ್ ನೇತೃತ್ವದಲ್ಲಿ ವರ್ಷಗಟ್ಟಲೆ ನಡೆದು ಚೂರು ಆಯ್ದರು. 2ನೇ ಶತಮಾನದ ನಂತರ ಯಾವ ಹೊಲಮನೆಯಲ್ಲಿ ಜನ ಇದ್ದರು ಎಂದು ಹೇಳಲು ಅವರಿಗೆ ಮುಖ್ಯ ಆಧಾರ ಆಫ್ರಿಕಾದ ಕೆಂಪು ತಟ್ಟೆ. ತಟ್ಟೆ ಕಡಿಮೆಯಾದಂತೆ ಹಳ್ಳಿಗಳೂ ಖಾಲಿಯಾದವು ಎಂಬ ಚಿತ್ರ ಬಂತು. ಆದರೆ ಮಾರುಕಟ್ಟೆಗೆ ತಟ್ಟೆಯೇ ಬರದಿದ್ದರೆ? ರೈತ ಮರದ ಬಟ್ಟಲಲ್ಲೋ ಊರಿನ ಕುಂಬಾರನ ಮಡಕೆಯಲ್ಲೋ ಉಂಡರೆ ನಮ್ಮ ನಕ್ಷೆಯಿಂದ ಅಳಿಸಿಹೋಗುತ್ತಾನೆ. ಸ್ಥಳೀಯ ಒರಟು ಮಡಕೆಗಳ ಕಾಲವನ್ನು ಗುರುತಿಸಲು ಕಲಿತ ಮೇಲೆ ಖಾಲಿ ಎಂದುಕೊಂಡ ಕೆಲವು ಜಾಗಗಳಲ್ಲಿ ಮತ್ತೆ ಜನ ಕಾಣಿಸಿಕೊಂಡಿದ್ದಾರೆ.

ನಮ್ಮ ಕರ್ನಾಟಕಕ್ಕೂ ಈ ಮಡಕೆಗೂ ಏನಾದ್ರೂ ಸಂಬಂಧ ಇದೆಯಾ?

ಭಾರತಕ್ಕೆ ಬರುವ ರೋಮನ್ ಸರಕಿನ ದಾರಿ ಬೇರೆ. ಈಜಿಪ್ಟ್‌ನ ಕೆಂಪು ಸಮುದ್ರದ ಬಂದರುಗಳಿಂದ ಮುಂಗಾರು ಗಾಳಿ ಹಿಡಿದು ನಮ್ಮ ಕರಾವಳಿಗೆ ಬರುತ್ತಿದ್ದರು. ಆ ವ್ಯಾಪಾರದ ಭರಾಟೆ 1ನೇ ಶತಮಾನದಲ್ಲಿ, ಆಗ ಆಫ್ರಿಕಾದ ತಟ್ಟೆ ಇನ್ನೂ ಮನೆಮಾತಾಗಿರಲಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿರುವುದು ಆ ಕಾಲದ್ದೇ.

ಸಂಬಂಧ ಇರುವುದು ವಿಧಾನದಲ್ಲಿ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡು ಅಗೆದಾಗ ಇಟಲಿಯ ಕೆಂಪು ತಟ್ಟೆಯ ಚೂರುಗಳು ಸಿಕ್ಕವು. ಅವುಗಳ ಕಾಲ ಮೊದಲೇ ಗೊತ್ತಿತ್ತು, 1ನೇ ಶತಮಾನದ ಮೊದಲರ್ಧ. ಅವುಗಳ ಜೊತೆಗಿದ್ದ, ಒಳತಳದಲ್ಲಿ ಚುಕ್ಕೆಗಳ ಸುತ್ತುಗೆರೆಯಿರುವ ಸ್ಥಳೀಯ ತಟ್ಟೆಗೂ ಅದೇ ಕಾಲ ಕೊಟ್ಟರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಆ ತಟ್ಟೆ ಸಿಕ್ಕಾಗ, ಅದನ್ನೇ ಗೂಟ ಮಾಡಿಕೊಂಡು ಅಲ್ಲಿಯ ಪದರಗಳಿಗೆ ಇಸವಿ ಹಾಕಿದರು. ಅದರ ಕೆಳಗಿನ ಬೃಹತ್ ಶಿಲಾಸಮಾಧಿಗಳ ಜನರಿಗೆ ಕ್ರಿ.ಪೂ. 200ರಿಂದ ಈಚಿನ ಕಾಲ ಬಂತು.

ಆ ಗೂಟ ಆಮೇಲೆ ಸಡಿಲವಾಯಿತು. ಅರಿಕಮೇಡುವನ್ನು ಮತ್ತೆ ಪರಿಶೀಲಿಸಿದ ವಿಮಲಾ ಬೆಗ್ಲಿ, ಚುಕ್ಕೆಗೆರೆಯ ತಟ್ಟೆ ರೋಮನ್ ತಟ್ಟೆಗಿಂತ ಬಹಳ ಹಿಂದೆಯೇ ಶುರುವಾಗಿತ್ತು ಎಂದು ತೋರಿಸಿದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜ ರಾವ್ ಅಗೆದು ಪಡೆದ ಇಂಗಾಲದ ಕಾಲಗಣನೆ, ಕಬ್ಬಿಣ ಬಳಸಿದ ನಮ್ಮ ಜನರನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಕಡಲಾಚೆಯ ತಟ್ಟೆಯೊಂದನ್ನು ನೆಚ್ಚಿ ಹಾಕಿದ ಬ್ರಹ್ಮಗಿರಿಯ ಇಸವಿಗಳನ್ನು ಹೀಗೆ ಶತಮಾನಗಳಷ್ಟು ಹಿಂದಕ್ಕೆ ಸರಿಸಬೇಕಾಯಿತು.